ಏಜೆನ್ಸಿಯ ಫೋನ್ ಯಾರಿಗೆ ಬರುತ್ತದೆ?

(ಕೆಲಸ ಹುಡುಕುತ್ತಿರುವವರ ಸಭೆಯೊಂದರಲ್ಲಿ ಆಡಿದ ಮಾತಿನ ಬರಹ ರೂಪ. ಎರಡೆರಡು ಸಲ ಹೇಳಿದ್ದನ್ನು ಮಾತ್ರ ತೆಗೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಒಳಗೆ ಬರುವಾಗ ಬಾಗಿಲ ಹತ್ತಿರ ಒಬ್ಬರು ನಿಲ್ಲಿಸಿ ಕೇಳಿದರು. "ಮೇಡಂ, ಆರು ಏಜೆನ್ಸಿಯಲ್ಲಿ ಹೆಸರು ಬರೆಸಿದ್ದೀನಿ. ಮೂರು ತಿಂಗಳಾಯ್ತು. ಒಂದು ಫೋನೂ ಬಂದಿಲ್ಲ. ನನ್ನಲ್ಲೇ ಏನಾದ್ರೂ ಕೊರತೆ ಇದೆಯಾ?" ನಿಂತ ಕಾಲಲ್ಲಿ ಉತ್ತರ ಹೇಳುವ ಪ್ರಶ್ನೆ ಅಲ್ಲ ಅದು. ಕೊನೆಯ ತನಕ ಕೂತಿರಿ, ಮಾತಾಡೋಣ ಅಂದೆ. ಅಗೋ, ಎರಡನೇ ಸಾಲಿನಲ್ಲಿ ಕೂತಿದ್ದಾರೆ.

ನನ್ನ ಪರಿಚಯ ಚಿಕ್ಕದು. ನಾಲ್ಕು ವರ್ಷ ಏಜೆನ್ಸಿ ಮೂಲಕ ಟೆಂಪರರಿ ಕೆಲಸ ಮಾಡಿದ್ದೇನೆ. ಗೋದಾಮಿನಲ್ಲಿ ಪೆಟ್ಟಿಗೆ ಎಣಿಸಿದ್ದೇನೆ, ಆಫೀಸುಗಳಲ್ಲಿ ಹಳೇ ಫೈಲು ಸ್ಕ್ಯಾನ್ ಮಾಡಿದ್ದೇನೆ, ರಿಸೆಪ್ಷನ್‌ನಲ್ಲಿ ಕೂತು ಯಾರದೋ ಹೆರಿಗೆ ರಜೆಯ ಜಾಗ ತುಂಬಿದ್ದೇನೆ. ಆಮೇಲೆ ಮೇಜಿನ ಆಚೆ ಕಡೆಗೆ ಹೋದೆ. ಏಳು ವರ್ಷ ಏಜೆನ್ಸಿಯಲ್ಲಿ ಕೂತು ಜನರನ್ನು ಕೆಲಸಕ್ಕೆ ಕಳಿಸಿದೆ. ಎರಡೂ ಕಡೆಯ ಕುರ್ಚಿ ನೋಡಿದವಳು ಅನ್ನುವುದಷ್ಟೇ ಇಲ್ಲಿ ನಿಲ್ಲಲು ನನಗಿರುವ ಅರ್ಹತೆ.

ಏಜೆನ್ಸಿ ಅಂದರೆ ನಮಗೆ ಕೆಲಸ ಹುಡುಕಿಕೊಡುವ ಜಾಗ ಅಂತ ತುಂಬ ಜನ ಅಂದುಕೊಂಡಿರುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಆಚೆ ಕಡೆ ಕೂತ ಮೊದಲ ವಾರದಲ್ಲೇ ಗೊತ್ತಾಯಿತು, ಅಲ್ಲಿ ಯಾರೂ ಯಾರಿಗೂ ಕೆಲಸ ಹುಡುಕುತ್ತಿಲ್ಲ. ಬಂದ ಕೆಲಸಕ್ಕೆ ಜನ ಹುಡುಕುತ್ತಿದ್ದಾರೆ. ಎರಡೂ ಒಂದೇ ಅಲ್ವಾ ಅನ್ನಿಸಬಹುದು. ಒಂದು ಬೆಳಗ್ಗೆಯ ಕಥೆ ಹೇಳುತ್ತೇನೆ, ಆಮೇಲೆ ನೀವೇ ಹೇಳಿ.

ಬೆಳಗ್ಗೆ ಆರೂವರೆ. ಒಂದು ಕಂಪನಿಯ ಸೂಪರ್‌ವೈಸರ್ ಫೋನ್ ಮಾಡುತ್ತಾರೆ. "ಪ್ಯಾಕಿಂಗ್‌ಗೆ ಇಬ್ಬರು ಕೈಕೊಟ್ಟಿದ್ದಾರೆ. ಎಂಟಕ್ಕೆ ಲೈನ್ ಶುರು. ಇಬ್ಬರನ್ನ ಕಳಿಸಿ." ಅಷ್ಟೇ. ಫೋನ್ ಕಟ್. ನನ್ನ ಕಂಪ್ಯೂಟರಿನಲ್ಲಿ ಸಾವಿರಕ್ಕೂ ಜಾಸ್ತಿ ಹೆಸರುಗಳಿವೆ. ಎಲ್ಲವನ್ನೂ ಓದಲು ಆಗುತ್ತದೆಯೇ? 'ಪ್ಯಾಕಿಂಗ್' ಅಂತ ಟೈಪ್ ಮಾಡುತ್ತೇನೆ. ಅರವತ್ತು ಹೆಸರು ಬರುತ್ತವೆ. ಹತ್ತಿರ ಇರುವವರು ಯಾರು ಅಂತ ಸೋಸಿದರೆ ಹದಿನೈದು. ಪ್ರತಿ ಹೆಸರಿನ ಪಕ್ಕದಲ್ಲಿ ನಾವೇ ಬರೆದುಕೊಂಡ ಒಂದು ಸಾಲು ಇರುತ್ತದೆ. 'ರಾತ್ರಿ ಪಾಳಿ ಆಗಲ್ಲ.' 'ತಕ್ಷಣ ಫೋನ್ ಎತ್ತುತ್ತಾರೆ.' 'ಎರಡನೇ ದಿನ ಹೇಳದೆ ಬಿಟ್ಟರು.' ಈ ಒಂದು ಸಾಲು ನಿಮ್ಮ ಇಡೀ ರೆಸ್ಯೂಮೆಗಿಂತ ತೂಕದ್ದು. ಬೇಜಾರಾಗಬೇಡಿ, ಇರುವುದು ಹಾಗೆ.

ಮೊದಲನೆಯವರಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಎರಡನೆಯವರ ನಂಬರ್ ಚಾಲ್ತಿಯಲ್ಲಿಲ್ಲ. ಮೂರನೆಯವರು ಎತ್ತಿ, "ಎಷ್ಟು ಕೊಡ್ತಾರೆ, ಎಷ್ಟು ದಿನ, ಮನೇಲಿ ಕೇಳಿ ಹತ್ತು ನಿಮಿಷದಲ್ಲಿ ಹೇಳಲಾ" ಅಂದರು. ನಾಲ್ಕನೆಯವರು ಕೇಳಿದ್ದು ಎರಡೇ ಮಾತು. "ಯಾವ ಗೇಟು? ಯಾರನ್ನ ಕೇಳಬೇಕು?" ಅವರನ್ನು ಕಳಿಸಿದೆ. ಆರನೆಯವರೂ ಹಾಗೇ ಅಂದರು, ಅವರನ್ನೂ ಕಳಿಸಿದೆ. ಇನ್ನು ಮೂರನೆಯವರು ಹತ್ತು ನಿಮಿಷ ಬಿಟ್ಟು ಫೋನ್ ಮಾಡುವಷ್ಟರಲ್ಲಿ ಕೆಲಸ ಖಾಲಿ.

ಆ ಇಬ್ಬರಿಗಿಂತ ಚೆನ್ನಾಗಿ ಪ್ಯಾಕ್ ಮಾಡುವವರು ಆ ಅರವತ್ತರಲ್ಲಿ ಖಂಡಿತ ಇದ್ದರು. ಆದರೆ ಆ ಹೊತ್ತಿಗೆ ನನಗೆ ಬೇಕಾಗಿದ್ದು ಎಲ್ಲರಿಗಿಂತ ಚೆನ್ನಾಗಿ ಮಾಡುವವರಲ್ಲ, ಎಂಟಕ್ಕೆ ಗೇಟಿನಲ್ಲಿ ನಿಂತಿರುವವರು. ಹಾಗಂತ ಸಂಬಳ ಕೇಳಿದ ಮೂರನೆಯವರದು ತಪ್ಪಾ? ಅಲ್ಲವೇ ಅಲ್ಲ. ಕೇಳಲೇಬೇಕಾದ ಪ್ರಶ್ನೆ ಅದು. ಕೇಳುವ ಹೊತ್ತು ಮಾತ್ರ ಬೇರೆ. ಹೆಸರು ಬರೆಸುವ ದಿನವೇ ಕೂತು ಮಾತಾಡಿ ಮುಗಿಸಿ. ಗಂಟೆಗೆ ಇಷ್ಟಕ್ಕಿಂತ ಕಡಿಮೆ ಆದರೆ ನಾನು ಬರಲ್ಲ, ಇಷ್ಟು ದೂರದ ತನಕ ಹೋಗಬಲ್ಲೆ, ಈ ಪಾಳಿ ಆಗುತ್ತದೆ, ಇದು ಆಗಲ್ಲ ಅಂತ ಹೇಳಿ ಬರೆಸಿ. ಮನೆಯಲ್ಲೂ ಅವತ್ತೇ ಕೇಳಿಕೊಳ್ಳಿ. ಆಗ ಬೆಳಗಿನ ಫೋನಿಗೆ ನಿಮ್ಮ ಉತ್ತರವೂ ಎರಡೇ ಮಾತಿನಲ್ಲಿ ಮುಗಿಯುತ್ತದೆ.

ಈ ವ್ಯಾಪಾರ ಹುಟ್ಟಿದ್ದೇ ಹೀಗೆ. 1946ರಲ್ಲಿ ಅಮೆರಿಕದ ಡೆಟ್ರಾಯಿಟ್‌ನಲ್ಲಿ ವಿಲಿಯಂ ರಸೆಲ್ ಕೆಲ್ಲಿ ಅನ್ನುವವರು ಒಂದು ಆಫೀಸು ತೆರೆದರು. ಬೇರೆ ಕಂಪನಿಗಳ ಟೈಪಿಂಗ್, ಲೆಕ್ಕದ ಕೆಲಸಗಳನ್ನು ತಮ್ಮಲ್ಲೇ ಮಾಡಿಕೊಡುವುದು ಅವರ ಯೋಚನೆ. ಆದರೆ ಗಿರಾಕಿಗಳು ಕೆಲಸ ಕಳಿಸುವ ಬದಲು, ಟೈಪ್ ಮಾಡುವವರನ್ನೇ ನಮ್ಮ ಆಫೀಸಿಗೆ ಕಳಿಸಿ ಅಂದರು. 1948ರಲ್ಲಿ ಮಿಲ್ವಾಕಿಯ ಇಬ್ಬರು ವಕೀಲರು, ಎಲ್ಮರ್ ವಿಂಟರ್ ಮತ್ತು ಆರನ್ ಶೈನ್‌ಫೆಲ್ಡ್, ಮ್ಯಾನ್‌ಪವರ್ ಕಂಪನಿ ಶುರು ಮಾಡಿದರು. ಕೋರ್ಟಿಗೆ ಕಾಗದ ಸಲ್ಲಿಸುವ ಗಡಿಬಿಡಿಯಲ್ಲಿ ಅವರ ಸೆಕ್ರೆಟರಿ ಕಾಯಿಲೆ ಬಿದ್ದಿದ್ದರು, ಟೈಪ್ ಮಾಡಲು ಜನ ಸಿಗದೆ ಒದ್ದಾಡಿದ್ದರು. ಹಾಗೆ ಹೊಳೆದ ವ್ಯಾಪಾರ ಅದು. ನೋಡಿ, ಎರಡು ಕಡೆಯೂ ಕೆಲಸ ಬೇಕು ಅಂತ ಅತ್ತವರು ಯಾರೂ ಇಲ್ಲ. ಜನ ಬೇಕು ಅಂತ ಅತ್ತವರೇ ಇದ್ದರು.

ಕೆಲ್ಲಿಯವರ ಕಂಪನಿ 1957ರಲ್ಲಿ 'ಕೆಲ್ಲಿ ಗರ್ಲ್' ಅಂತ ಹೆಸರು ಬದಲಿಸಿಕೊಂಡಿತು. ಮನೆ ನೋಡಿಕೊಳ್ಳುವ ಹೆಂಗಸರು ಬಿಡುವಿನಲ್ಲಿ ಕೈಖರ್ಚಿಗೆ ಸಂಪಾದಿಸುವ ದುಡ್ಡು ಇದು ಅನ್ನುವ ಹಾಗೆ ಆಗ ಇದನ್ನು ಮಾರಿದರು. ಕೈಖರ್ಚಿನ ದುಡ್ಡಿಗೆ ಯಾರು ಜಗಳ ಆಡುತ್ತಾರೆ? ಇವತ್ತು ಇದೇ ದುಡ್ಡಿನಲ್ಲಿ ಬಾಡಿಗೆ ಕಟ್ಟುವವರು, ಮಕ್ಕಳನ್ನು ಓದಿಸುವವರು ಇದ್ದಾರೆ. ಆ ಹಳೇ ಧೋರಣೆಯ ವಾಸನೆ ಮಾತ್ರ ಇನ್ನೂ ಹೋಗಿಲ್ಲ ಅಂತ ನನಗೆ ಅನ್ನಿಸುತ್ತದೆ.

ಇನ್ನು ದುಡ್ಡಿನ ಲೆಕ್ಕ. ಲೆಕ್ಕ ಸುಲಭವಾಗಲಿ ಅಂತ ಸುಮ್ನೆ ಒಂದು ಅಂಕಿ ಹಿಡಿಯೋಣ. ಏಜೆನ್ಸಿ ನಿಮಗೆ ಗಂಟೆಗೆ 100 ಸಂಬಳ ಕೊಡುತ್ತದೆ. ಏಜೆನ್ಸಿ ಕಂಪನಿಗೆ 140 ಬಿಲ್ ಹಾಕುತ್ತದೆ. ಮಧ್ಯದ 40 ಎಲ್ಲಿಗೆ ಹೋಯಿತು? ಎಲ್ಲಾ ಲಾಭ ಅಲ್ಲ. ನಿಮ್ಮ ವಿಮೆ, ಪಿಂಚಣಿಯಂಥದ್ದಕ್ಕೆ ಮಾಲೀಕರು ಕಟ್ಟಬೇಕಾದ ಪಾಲು, ರಜೆಯ ಸಂಬಳ, ನನ್ನಂಥವರ ಸಂಬಳ, ಆಫೀಸಿನ ಬಾಡಿಗೆ ಎಲ್ಲ ಅದರಲ್ಲೇ. ಇನ್ನೊಂದು, ನಿಮಗೆ ವಾರಕ್ಕೋ ತಿಂಗಳಿಗೋ ಸಂಬಳ ಕೊಡಬೇಕು. ಕಂಪನಿ ಬಿಲ್ ಚುಕ್ತಾ ಮಾಡುವುದು ಎಷ್ಟೋ ಸಲ ಅದಕ್ಕಿಂತ ತಡವಾಗಿ. ಆ ನಡುವಿನ ದುಡ್ಡೂ ಏಜೆನ್ಸಿಯದೇ. ಉಳಿದದ್ದು ಲಾಭ. ಕೆಲವು ಕಡೆ ಸಣ್ಣದು, ಕೆಲವು ಕಡೆ ನಾಚಿಕೆಯಾಗುವಷ್ಟು ದೊಡ್ಡದು. 'ನನ್ನ ಲೆಕ್ಕದಲ್ಲಿ ಕಂಪನಿಗೆ ಎಷ್ಟು ಬಿಲ್ ಹಾಕ್ತೀರಿ' ಅಂತ ಕೇಳಿ ನೋಡಿ. ಬಹಳ ಜನ ಹೇಳುವುದಿಲ್ಲ. ಆದರೆ ಕೇಳುವವರ ಜೊತೆ ಸಂಬಳದ ಮಾತು ಸ್ವಲ್ಪ ಹುಷಾರಾಗಿ ಆಡುತ್ತಾರೆ. ಆಚೆ ಕಡೆ ಕೂತಿದ್ದಾಗ ನಾನೂ ಹಾಗೇ ಮಾಡಿದ್ದೇನೆ.

ಈ ಲೆಕ್ಕದಿಂದ ಒಂದು ಮಾತು ತಾನಾಗಿ ಗೊತ್ತಾಗುತ್ತದೆ. ಏಜೆನ್ಸಿಗೆ ದುಡ್ಡು ಬರುವುದು ಕಂಪನಿಯಿಂದ. ಹಾಗಿರುವಾಗ ನಿಮ್ಮ ಹತ್ತಿರ ಕೇಳುವುದು ಯಾಕೆ? ರಿಜಿಸ್ಟ್ರೇಷನ್ ಫೀಸು, ಫಾರಂ ದುಡ್ಡು, ಟ್ರೇನಿಂಗ್ ಚಾರ್ಜು, ಯೂನಿಫಾರ್ಮ್ ಡೆಪಾಸಿಟ್, ಹೆಸರು ಏನಾದರೂ ಇರಲಿ. ಕೆಲಸ ಕೊಡಿಸುವ ಮೊದಲೇ ಕೈ ಚಾಚುವವರು ಬೇರೆ ವ್ಯಾಪಾರದವರು. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಅನ್ನುತ್ತಾರಲ್ಲ, ಆ ವ್ಯಾಪಾರ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1997ರಲ್ಲಿ ಖಾಸಗಿ ಉದ್ಯೋಗ ಏಜೆನ್ಸಿಗಳ ಬಗ್ಗೆ ಒಂದು ಒಪ್ಪಂದ ಮಾಡಿತು. ಅದರ ನಂಬರ್ 181. ಕೆಲಸಗಾರರಿಂದ ನೇರವಾಗಿ ಆಗಲಿ, ಸುತ್ತಿಬಳಸಿ ಆಗಲಿ, ಪೂರ್ತಿ ಆಗಲಿ, ಅರ್ಧ ಆಗಲಿ, ಫೀಸು ವಸೂಲಿ ಮಾಡಬಾರದು ಅಂತ ಅದರ ಏಳನೇ ವಿಧಿ ಹೇಳುತ್ತದೆ. ಎಲ್ಲ ದೇಶಗಳೂ ಇದಕ್ಕೆ ಒಪ್ಪಿ ಸೇರಿಲ್ಲ, ವಿನಾಯಿತಿಗಳಿಗೂ ಅದರಲ್ಲೇ ಜಾಗ ಇದೆ. ಆದರೂ 'ಸುತ್ತಿಬಳಸಿ' ಅನ್ನುವ ಮಾತನ್ನು ನೆನಪಿಟ್ಟುಕೊಳ್ಳಿ. ಮೋಸ ಬರುವುದು ಹೆಚ್ಚಾಗಿ ಆ ದಾರಿಯಲ್ಲೇ. ಹಾಗೇ ಅಸಲಿ ಸರ್ಟಿಫಿಕೇಟು, ಪಾಸ್‌ಪೋರ್ಟು ಯಾರ ಕೈಯಲ್ಲೂ ಬಿಟ್ಟು ಬರಬೇಡಿ. ತೋರಿಸಿ, ಜೆರಾಕ್ಸ್ ಕೊಡಿ, ಅಸಲಿ ವಾಪಸ್ ತನ್ನಿ.

ಈಗ ನನಗೇ ಆದ ಒಂದು ಕಥೆ. ಗೋದಾಮಿನಲ್ಲಿ ಇದ್ದೆ ಅಂದೆನಲ್ಲ. ಅಲ್ಲಿ ಪ್ರತಿ ಶುಕ್ರವಾರ ಟೈಮ್‌ಶೀಟಿಗೆ ಸೂಪರ್‌ವೈಸರ್ ಸಹಿ ಹಾಕಬೇಕು. ಆ ಸಹಿ ನೋಡಿ ಏಜೆನ್ಸಿ ಸಂಬಳ ಮಾಡುತ್ತದೆ. ಒಂದು ಶುಕ್ರವಾರ ಅವರು ರಜೆ. ಇನ್ನೊಬ್ಬರನ್ನು ಕೇಳಿದೆ, "ನನಗೆ ಅಧಿಕಾರ ಇಲ್ಲ" ಅಂದರು. ಏಜೆನ್ಸಿಗೆ ಫೋನ್ ಮಾಡಿದೆ, "ಸಹಿ ಇಲ್ಲದೆ ನಮ್ಮ ಸಿಸ್ಟಮ್ ತಗೊಳ್ಳಲ್ಲ" ಅಂದರು. ಸೋಮವಾರ ಆ ಸೂಪರ್‌ವೈಸರ್ ಬಂದರು. ಆದರೆ ಗುರುವಾರ ನಾನು ಎರಡು ಗಂಟೆ ಹೆಚ್ಚಿಗೆ ನಿಂತಿದ್ದು ಅವರಿಗೆ ನೆನಪಿಲ್ಲ. "ನಾನು ಹೇಳೇ ಇಲ್ಲ." ಏಜೆನ್ಸಿಯವರು ಕಂಪನಿ ಕಡೆ ಬೆರಳು ತೋರಿಸಿದರು, ಕಂಪನಿಯವರು ಏಜೆನ್ಸಿ ಕಡೆ. ಹನ್ನೊಂದು ದಿನ ಹೀಗೇ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು. ಕೊನೆಗೆ ವಾರದ ಸಂಬಳ ಬಂತು, ಆ ಎರಡು ಗಂಟೆಯದು ಬರಲೇ ಇಲ್ಲ.

ಅವತ್ತಿನಿಂದ ಜೇಬಿನಲ್ಲಿ ಒಂದು ಸಣ್ಣ ನೋಟ್‌ಬುಕ್ ಇಟ್ಟೆ. ಅಂಗೈಯಷ್ಟು ಅಗಲದ್ದು. ದಿನಕ್ಕೆ ಒಂದು ಸಾಲು. ಒಳಗೆ ಹೋದದ್ದು ಎಷ್ಟು ಗಂಟೆಗೆ, ಹೊರಗೆ ಬಂದದ್ದು ಎಷ್ಟು ಗಂಟೆಗೆ, ಊಟದ ಬಿಡುವು ಎಷ್ಟು ನಿಮಿಷ, ಹೆಚ್ಚಿಗೆ ನಿಲ್ಲಿ ಅಂದವರು ಯಾರು. ಸಹಿ ಆದ ಟೈಮ್‌ಶೀಟಿನ ಫೋಟೋ ಹೊಡೆದು ಇಟ್ಟುಕೊಳ್ಳುತ್ತಿದ್ದೆ. ಆಮೇಲೆ ಎರಡು ಸಲ ತಕರಾರು ಬಂತು. ಎರಡೂ ಸಲ ನೋಟ್‌ಬುಕ್ ಮೇಜಿನ ಮೇಲೆ ಇಟ್ಟೆ. ಎರಡೂ ಸಲ ದುಡ್ಡು ಬಂತು. ಬರೆದಿಟ್ಟ ಒಂದು ಸಾಲಿನ ಮುಂದೆ 'ನೆನಪಿಲ್ಲ' ಅನ್ನುವ ಮಾತು ಜಾಸ್ತಿ ಹೊತ್ತು ನಿಲ್ಲುವುದಿಲ್ಲ.

ಟೆಂಪರರಿ ಕೆಲಸದ ಕಷ್ಟವೆಲ್ಲ ಇರುವುದು ನೀವು, ಏಜೆನ್ಸಿ, ಕಂಪನಿ ಅನ್ನುವ ಈ ಮೂರು ಮೂಲೆಯಲ್ಲಿ. ಕೆಲಸ ಹೇಳುವವರು ಒಬ್ಬರು, ಸಂಬಳ ಕೊಡುವವರು ಇನ್ನೊಬ್ಬರು. ಹುಷಾರಿಲ್ಲದಿದ್ದರೆ ಯಾರಿಗೆ ಹೇಳಬೇಕು? ಏಟು ಬಿದ್ದರೆ ಯಾರು ಹೊಣೆ? ಕೆಲಸ ಶುರು ಆಗುವ ಮೊದಲೇ ಕೇಳಿ, ಉತ್ತರವನ್ನು ಮೆಸೇಜಿನಲ್ಲಿ ತರಿಸಿಕೊಳ್ಳಿ. ಮೆಸೇಜ್ ಯಾಕೆ ಅಂತೀರಾ? ನಿಮಗೆ ಬಾಯಿಮಾತಿನಲ್ಲಿ ಹೇಳಿದ ಹುಡುಗ ಮುಂದಿನ ತಿಂಗಳು ಆ ಏಜೆನ್ಸಿಯಲ್ಲೇ ಇರುವುದಿಲ್ಲ. ಅಲ್ಲಿ ಕೂತವರ ಕೆಲಸವೂ ಅಷ್ಟೇನು ಗಟ್ಟಿ ಅಲ್ಲ, ಪಾಪ.

ಏಟಿನ ಮಾತು ಬಂತು. ಯಾವುದೇ ಜಾಗದಲ್ಲಿ ಹೊಸಬರಿಗೆ ಅಪಾಯ ಜಾಸ್ತಿ. ಟೆಂಪರರಿ ಕೆಲಸಗಾರರು ಯಾವಾಗಲೂ ಹೊಸಬರೇ ಅಲ್ವಾ? ಅಮೆರಿಕದ ಕೆಲಸದ ಸುರಕ್ಷತೆಯ ಇಲಾಖೆ 2013ರಲ್ಲಿ ಟೆಂಪರರಿ ಕೆಲಸಗಾರರಿಗಾಗಿಯೇ ಒಂದು ಕಾರ್ಯಕ್ರಮ ಶುರು ಮಾಡಿತು. ಕೆಲಸಕ್ಕೆ ಸೇರಿದ ಮೊದಲ ದಿನಗಳಲ್ಲೇ ಜನ ಸತ್ತ ವರದಿಗಳು ಅದಕ್ಕೆ ಕಾರಣ. ಏಜೆನ್ಸಿ, ಕಂಪನಿ ಇಬ್ಬರೂ ಜೊತೆಗೆ ಹೊಣೆ ಅಂತ ಅದು ಹೇಳಿತು. ನಿಮ್ಮ ಮಟ್ಟಿಗೆ ಇಷ್ಟು ಸಾಕು. ಪ್ಯಾಕಿಂಗ್‌ಗೆ ಅಂತ ಹೋಗಿದ್ದೀರಿ, ಅಲ್ಲಿ 'ಆ ಮೆಷಿನ್ ಹತ್ತಿರ ನಿಂತ್ಕೊಳ್ಳಿ' ಅಂದರೆ, 'ನನಗೆ ಕಲಿಸಿಲ್ಲ, ಏಜೆನ್ಸಿಗೆ ಒಂದು ಫೋನ್ ಮಾಡ್ತೀನಿ' ಅನ್ನಿ. ಆ ಫೋನ್ ಬಂದಾಗ ನನಗೆ ಯಾವತ್ತೂ ಸಿಟ್ಟು ಬಂದಿಲ್ಲ. ಬರದೇ ಹೋದಾಗ ಭಯವಾಗಿದೆ.

ಪಕ್ಕದಲ್ಲಿ ಅದೇ ಕೆಲಸ ಮಾಡುವ ಕಾಯಂ ನೌಕರರಿಗೆ ಸಿಗುವ ಸಂಬಳ ನಮಗೂ ಸಿಗುತ್ತಾ ಅಂತ ಬಹಳ ಜನ ಕೇಳುತ್ತಾರೆ. ನೀವಿರುವ ದೇಶದ ಕಾನೂನಿನ ಮೇಲೆ ಹೋಗುತ್ತದೆ. ಯುರೋಪಿಯನ್ ಒಕ್ಕೂಟದ 2008ರ ನಿರ್ದೇಶನದ ಮೂಲ ತತ್ವ ಮೊದಲ ದಿನದಿಂದಲೇ ಸಮ ಅನ್ನುವುದು. ಆದರೆ ಅದರಲ್ಲೇ ಸಂದಿಗೊಂದಿಗಳಿವೆ. ಬ್ರಿಟನ್ನಿನಲ್ಲಿ 2011ರ ಅಕ್ಟೋಬರಿನಿಂದ ಒಂದೇ ಜಾಗದಲ್ಲಿ ಅದೇ ಕೆಲಸದಲ್ಲಿ 12 ವಾರ ಮುಗಿದ ಮೇಲೆ. ಜರ್ಮನಿಯಲ್ಲಿ 2017ರಿಂದ ಸಾಮಾನ್ಯವಾಗಿ 9 ತಿಂಗಳಾದ ಮೇಲೆ ಸಮ ಸಂಬಳ, ಒಂದೇ ಕಂಪನಿಗೆ ಕಳಿಸಬಹುದಾದ ಗಡುವು 18 ತಿಂಗಳು. ಈ ಅಂಕಿಗಳನ್ನು ಯಾಕೆ ಹೇಳುತ್ತಿದ್ದೇನೆ ಗೊತ್ತೇ? ಗಡುವು ಇರುವ ಕಡೆ ಕಂಪನಿಗಳೂ ದಿನ ಎಣಿಸುತ್ತವೆ. ಹನ್ನೊಂದನೇ ವಾರದಲ್ಲಿ ಇದ್ದಕ್ಕಿದ್ದ ಹಾಗೆ 'ನಾಳೆಯಿಂದ ಬೇಡ' ಅನ್ನುವ ಫೋನ್ ಬರುವುದುಂಟು. ನಿಮ್ಮ ದೇಶದ ಗಡುವು ತಿಳಿದುಕೊಂಡು ನೀವೂ ಎಣಿಸಿ.

ಒಂದು ವಿಷಯದಲ್ಲಿ ಮಾತ್ರ ನಾನು ಸ್ವಲ್ಪ ಹಟ ಮಾಡುತ್ತೇನೆ. ಕೆಲಸದ ಜೊತೆಗೆ ಏಜೆನ್ಸಿಯೇ ಇರಲು ಜಾಗ ಕೊಡುತ್ತದೆ ಅಂದರೆ ಎರಡು ಸಲ ಯೋಚಿಸಿ. ಜಪಾನಿನಲ್ಲಿ ಕೆಲಸಗಾರರನ್ನು ಬೇರೆ ಕಂಪನಿಗೆ ಕಳಿಸುವ ಏಜೆನ್ಸಿಗಳಿಗೆ 1985ರಲ್ಲಿ ಕಾನೂನು ಬಂತು. ಮೊದಲು ಕೆಲವೇ ಬಗೆಯ ಕೆಲಸಗಳಿಗೆ ಇದ್ದದ್ದು ಆಮೇಲೆ ಅಗಲವಾಗುತ್ತಾ ಹೋಗಿ, 2004ರಲ್ಲಿ ಕಾರ್ಖಾನೆಗಳಿಗೂ ತೆರೆಯಿತು. ಎಷ್ಟೋ ಜನ ಏಜೆನ್ಸಿಯೋ ಕಂಪನಿಯೋ ಕೊಟ್ಟ ಡಾರ್ಮಿಟರಿಯಲ್ಲೇ ಇದ್ದರು. 2008ರ ಕೊನೆಯಲ್ಲಿ ಪ್ರಪಂಚದ ಮಾರುಕಟ್ಟೆ ಕುಸಿಯಿತು. ಕಾರ್ಖಾನೆಗಳು ಮೊದಲು ಬಿಟ್ಟಿದ್ದು ಇವರನ್ನೇ. ಕೆಲಸ ಹೋದ ಕೂಡಲೇ ರೂಮೂ ಹೋಯಿತು, ಅದೂ ಡಿಸೆಂಬರಿನ ಚಳಿಯಲ್ಲಿ. ಟೋಕಿಯೋದ ಹಿಬಿಯಾ ಪಾರ್ಕಿನಲ್ಲಿ ಕಾರ್ಮಿಕ ಸಂಘಗಳು, ಸ್ವಯಂಸೇವಕರು ಸೇರಿ ಡೇರೆ ಹಾಕಿದರು. ಡಿಸೆಂಬರ್ 31ರಿಂದ ಜನವರಿ 5ರ ತನಕ ಅಲ್ಲಿ ಊಟ, ಮಲಗಲು ಜಾಗ. ಸುಮಾರು 500 ಜನ ಬಂದರು. ಡೇರೆ ಸಾಲದೆ ಹೋದಾಗ, ಹತ್ತಿರದಲ್ಲೇ ಇದ್ದ ಕಾರ್ಮಿಕ ಸಚಿವಾಲಯ ತನ್ನ ಸಭಾಂಗಣವನ್ನೇ ಬಿಟ್ಟುಕೊಟ್ಟಿತು. ಹೊಸ ವರ್ಷದ ದಿನ ಡೇರೆಯಲ್ಲಿ ಕೂತಿದ್ದವರು ಒಂದೆರಡು ತಿಂಗಳ ಹಿಂದೆ ನಮ್ಮ ನಿಮ್ಮ ಹಾಗೆ ದಿನಾ ಕೆಲಸಕ್ಕೆ ಹೋಗುತ್ತಿದ್ದವರು. ಹಾಗಾಗಿ ಕೇಳುತ್ತಿದ್ದೇನೆ, ಜಾಗ ಒಪ್ಪಿಕೊಳ್ಳುವ ಮೊದಲು ಒಂದು ಪ್ರಶ್ನೆ ಹಾಕಿ. ಕೆಲಸ ನಿಂತರೆ ರೂಮು ಖಾಲಿ ಮಾಡಲು ಎಷ್ಟು ದಿನ ಕೊಡುತ್ತೀರಿ?

ಕಾಯಂ ಆಗುವ ಆಸೆಯ ಬಗ್ಗೆಯೂ ಎರಡು ಮಾತು. 'ಮೂರು ತಿಂಗಳು ನೋಡಿ ಕಾಯಂ ಮಾಡ್ತಾರೆ' ಅಂತ ಏಜೆನ್ಸಿಯವರು ಹೇಳುತ್ತಾರೆ. ನಾನೂ ಹೇಳಿದ್ದೇನೆ. ಕೆಲವು ಸಲ ನಿಜ, ಕೆಲವು ಸಲ ಸುಮ್ನೆ. ಹೋದ ವರ್ಷ ಆ ಕಂಪನಿ ನಿಮ್ಮ ಏಜೆನ್ಸಿಯಿಂದ ಬಂದ ಎಷ್ಟು ಜನರನ್ನು ಕಾಯಂ ಮಾಡಿತು ಅಂತ ಕೇಳಿ. ಉತ್ತರ ತಡವರಿಸಿದರೆ ನಿಮಗೆ ಉತ್ತರ ಸಿಕ್ಕಿತು. ಕಂಪನಿ ನಿಮ್ಮನ್ನು ನೇರವಾಗಿ ತೆಗೆದುಕೊಂಡರೆ ಏಜೆನ್ಸಿಗೆ ಒಂದಿಷ್ಟು ದುಡ್ಡು ಕೊಡಬೇಕಾಗಬಹುದು. ಅದು ಅವರಿಬ್ಬರ ಲೆಕ್ಕ, ನಿಮ್ಮ ತಲೆಗೆ ಬರಬಾರದು. ನೀವು ಸಹಿ ಹಾಕುವ ಕಾಗದದಲ್ಲಿ 'ಆ ಕಂಪನಿಗೆ ನೇರ ಸೇರುವಂತಿಲ್ಲ' ಅಂತ ಇದೆಯಾ ನೋಡಿ. ಯುರೋಪಿನ ಅದೇ 2008ರ ನಿರ್ದೇಶನ ಅಂಥ ಷರತ್ತು ನಡೆಯುವುದಿಲ್ಲ ಅನ್ನುತ್ತದೆ. ಎಲ್ಲ ಕಡೆ ಹಾಗಿಲ್ಲ.

ನನ್ನನ್ನು ಕೇಳಿದರೆ, ಹೊಸ ಲೈನಿಗೆ ಕಾಲಿಡುವವರಿಗೆ, ಮಧ್ಯದಲ್ಲಿ ಕೆಲಸ ಬಿಟ್ಟು ವಾಪಸ್ ಬರುವವರಿಗೆ ಏಜೆನ್ಸಿ ಒಳ್ಳೆಯ ಬಾಗಿಲು. ಒಂದೇ ಕುರ್ಚಿಯಲ್ಲಿ ಐದು ವರ್ಷ ಟೆಂಪರರಿ ಆಗಿ ಕೂತಿದ್ದೀರಿ ಅಂದರೆ ಅಲ್ಲಿ ಟೆಂಪರರಿ ಆಗಿರುವುದು ನಿಮ್ಮ ಸಂಬಳ ಮಾತ್ರ, ಕೆಲಸ ಅಲ್ಲ.

ಇಷ್ಟು ಹೇಳಿ ಪ್ರಶ್ನೆ ಕೇಳಿ ಅಂದೆ. ಎಷ್ಟು ಏಜೆನ್ಸಿಯಲ್ಲಿ ಹೆಸರು ಬರೆಸಬೇಕು ಅಂತ ಒಬ್ಬ ಹುಡುಗಿ ಕೇಳಿದಳು. ಎರಡು ಮೂರು ಸಾಕು, ಆದರೆ ಎರಡೂ ಕಡೆಯಿಂದ ಒಂದೇ ಕಂಪನಿಗೆ ನಿನ್ನ ರೆಸ್ಯೂಮೆ ಹೋಗದ ಹಾಗೆ ನೋಡ್ಕೋ, ಕಮಿಷನ್ ಯಾರದು ಅಂತ ಅವರು ಕಿತ್ತಾಡುತ್ತಾರೆ, ಕಂಪನಿಯವರು ಇಬ್ಬರ ಕಾಗದವನ್ನೂ ಪಕ್ಕಕ್ಕೆ ಇಡುತ್ತಾರೆ ಅಂದೆ. ಬಂದ ಕೆಲಸ ಬೇಡ ಅಂದರೆ ಮತ್ತೆ ಕರೆಯಲ್ಲವಾ ಅಂತ ಇನ್ನೊಬ್ಬರು. ಬೇಡ ಅನ್ನಿ, ಏನೂ ಆಗಲ್ಲ. ಬರ್ತೀನಿ ಅಂದು ಬರದೇ ಇರಬೇಡಿ. ಬೇಡ ಅಂದವರನ್ನು ಮರೆಯುತ್ತೇವೆ, ಬರದೇ ಇದ್ದವರನ್ನು ಬರೆದಿಡುತ್ತೇವೆ.

ಆಮೇಲೆ ಎರಡನೇ ಸಾಲಿನವರು ಎದ್ದು ಬಂದರು. ಏಜೆನ್ಸಿಗೆ ಕೊಟ್ಟ ಫಾರಮ್ಮಿನ ಒಂದು ಪ್ರತಿ ಅವರ ಚೀಲದಲ್ಲೇ ಇತ್ತು. ಅಕ್ಷರ ಮುತ್ತಿನ ಹಾಗೆ. 'ಯಾವ ಕೆಲಸ ಬೇಕು' ಅನ್ನುವ ಕಡೆ ಬರೆದಿದ್ದರು, 'ಯಾವುದಾದರೂ ಸರಿ'. ಅನುಭವದ ಕಡೆ, 'ಇಲ್ಲ'.

"ಪ್ಯಾಕಿಂಗ್ ಅಂತ ಹುಡುಕಿದರೆ ಇದು ಸಿಗುತ್ತಾ?" ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಇಲ್ಲ ಅಂತ ತಲೆ ಆಡಿಸಿದರು.

ಇಷ್ಟು ದಿನ ಏನು ಮಾಡ್ತಿದ್ರಿ ಅಂದೆ. ಸಂಬಂಧಿಕರ ಅಂಗಡಿಯಲ್ಲಿ ಆರು ವರ್ಷ ಸುಮ್ನೆ ನೋಡ್ಕೊಂಡಿದ್ದೆ ಅಂದರು. ಸುಮ್ನೆ ಅಂದರೆ? ಬಂದ ಮಾಲು ಬಿಲ್ಲಿನ ಜೊತೆ ತಾಳೆ ನೋಡುವುದು, ಸ್ಟಾಕ್ ಬರೆಯುವುದು, ಕಳಿಸುವ ಪಾರ್ಸೆಲ್ ಕಟ್ಟುವುದು, ಸಂಜೆ ಗಲ್ಲಾ ಲೆಕ್ಕ. ನಾನು ಪೆನ್ನು ಕೊಟ್ಟೆ. 'ಇಲ್ಲ' ಅನ್ನುವುದನ್ನು ಹೊಡೆದು ಹಾಕಿ ಒಂದೊಂದಾಗಿ ಬರೆಯುತ್ತಾ ಹೋದರು. ಮೂರನೆಯದು ಬರೆಯುವಾಗ ನಿಲ್ಲಿಸಿ ನನ್ನ ಮುಖ ನೋಡಿದರು. "ಪಾರ್ಸೆಲ್ ಕಟ್ಟೋದೂ ಬರೀಲಾ ಮೇಡಂ?"